ಇಲ್ಲದ ಗೋಡೆ

ಆ ಊರಿನ ಜೈಲಿಗೆ ಗೋಡೆಗಳಿರಲಿಲ್ಲ. ದಿನಾ ಬೆಳಿಗ್ಗೆ ಕೈದಿಗಳ ಕಣ್ಣಿಗೆ ಎರಡು ಹನಿ ಔಷಧಿ ಬಿಡುತ್ತಿದ್ದರು. ಬಯಲಿನ ಸುತ್ತ ಎಳೆದ ಸುಣ್ಣದ ಗೆರೆ ಅವರಿಗೆ ಎತ್ತರದ ಕಲ್ಲುಗೋಡೆಯಾಗಿ ಕಾಣುತ್ತಿತ್ತು.

ಭೇಟಿಯ ದಿನ ಅಪ್ಪನತ್ತ ಓಡಿಬರುತ್ತಿದ್ದ ಆರು ವರ್ಷದ ನೀಲವ್ವ ಗೆರೆಯಾಚೆ ಎಡವಿ ಬಿದ್ದಳು. ಗುರುಬಸಪ್ಪನಿಗೆ ಅಳು ಕೇಳಿತು, ಮಗಳು ಕಾಣಲಿಲ್ಲ.

“ಎಲ್ಲಿ ಬಡೀತವ್ವಾ?” ಎಂದು ಕೂಗಿದ.

ಗೋಡೆ ಸುಳ್ಳೆಂದು ಅವನಿಗೂ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ನುಗ್ಗಿದ. ಮಿದುಳು ಒಪ್ಪಲಿಲ್ಲ, ಹಣೆ ಕಲ್ಲಿಗೆ ಬಡಿದಂತಾಗಿ ಕುಸಿದ. ಎದ್ದು ಮತ್ತೆ ನುಗ್ಗಿದ, ಮತ್ತೆ ಬಿದ್ದ.

ಆಗ ಕಲ್ಲಿನೊಳಗಿಂದ ಪುಟ್ಟ ಕೈಯೊಂದು ಹೊರಬಂತು, ಅದರ ಹಿಂದೆಯೇ ಕುಂಟುತ್ತ ನೀಲವ್ವ. ತನ್ನ ಮೊಣಕಾಲಿನ ಗಾಯ ಮರೆತು ಅಪ್ಪನ ಹಣೆ ಉಜ್ಜಿದಳು.

“ಇಲ್ಲಿ ಏನೂ ಇಲ್ಲಪ್ಪಾ. ಯಾಕ ಬೀಳಾಕತ್ತಿ?”