ಗೂಡಿನೊಳಗಿನ ಮಾತು

“ನಾನು ಹೇಳಿದ್ದು ಇವರೊಬ್ಬರ ಹತ್ತಿರ. ಇನ್ಯಾರಿಗೂ ಗೊತ್ತಿಲ್ಲ,” ಎಂದು ಟೀಚರ್ ಬೆರಳು ಮಾಡಿ ತೋರಿಸಿಯೇ ಬಿಟ್ಟಳು.

ಮೇಜಿನಾಚೆ, ವಿಚಾರಣೆಗೆಂದು ಬಂದ ಚರ್ಚಿನ ಮೂವರು ಹಿರಿಯ ಗುರುಗಳು. ಈಚೆ, ಕಾಲು ಅಲ್ಲಾಡುವ ಕುರ್ಚಿಯಲ್ಲಿ ಫಾದರ್. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಆಡಿದ ಗುರುವಿಗೆ ಚರ್ಚಿನಲ್ಲಿ ಕ್ಷಮೆಯಿಲ್ಲ. ತಪ್ಪು ನನ್ನದಲ್ಲ ಎಂದು ವಾದಕ್ಕಿಳಿದರೆ ಕೇಳಿದ್ದೇನೆಂಬ ಮಾತು ಬರುತ್ತದೆ, ಅದಕ್ಕೂ ಬಾಯಿ ಬಿಡುವಂತಿಲ್ಲ. ಅತ್ತ ದರಿ, ಇತ್ತ ಪುಲಿ. “ಆ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ,” ಎಂದಷ್ಟೇ ಹೇಳಿ ಅವರು ತಲೆ ತಗ್ಗಿಸಿದರು. ತಪ್ಪಿತಸ್ಥರು ತಗ್ಗಿಸುವುದೂ ಹಾಗೆಯೇ ಅಲ್ಲವೇ?

ಆದದ್ದಿಷ್ಟು. ಟೀಚರ್ ಚರ್ಚಿನ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಅವಳೊಳಗೆ ಏನೋ ಆರಿಹೋಯಿತು. ಎರಡು ವರ್ಷ ನುಂಗಿಕೊಂಡೇ ಇದ್ದಳು. ಕೊನೆಗೆ ಒಂದು ಶನಿವಾರ, ಸಂಜೆಯ ಪೂಜೆ ಮುಗಿದ ಮೇಲೆ, ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿ, ಜಾಲರಿಗೆ ಬಾಯಿ ಹಚ್ಚಿ ಹೇಳಿಕೊಂಡಳು: ದೇವರಿದ್ದಾನೆಂದು ನಂಬಲಾಗುತ್ತಿಲ್ಲ, ಪ್ರಾರ್ಥನೆಗೆ ಬರೀ ತುಟಿ ಆಡಿಸುತ್ತಿದ್ದೇನೆ. ಫಾದರ್ ಸಮಾಧಾನ ಹೇಳಿ ಕಳಿಸಿದರು.

ಗುರುವಾರ ಶಾಲೆಯ ಮುಖ್ಯಸ್ಥರಿಗೆ ಸಹಿಯಿಲ್ಲದ ಪತ್ರವೊಂದು ಬಂತು. ಟೈಪು ಮಾಡಿದ್ದು, ಒಂದಕ್ಷರ ತಪ್ಪಿಲ್ಲ. ‘ಬರೀ ತುಟಿ ಆಡಿಸುವವಳು ಮಕ್ಕಳಿಗೆ ದೇವರನ್ನು ಕಲಿಸಬಹುದೇ?’ ಶುಕ್ರವಾರ ಟೀಚರಿಗೆ ಕೆಲಸ ಹೋಯಿತು.

ಕೆಲಸ ಹೋದದ್ದನ್ನು ಹೇಗೋ ತಡೆದುಕೊಳ್ಳುತ್ತಿದ್ದಳು. ಆದರೆ ಗಂಡ ಕಡೆಯುಸಿರೆಳೆದಾಗ ಅವನ ಕೈ ಹಿಡಿದು ಕೂತಿದ್ದವರು ಇದೇ ಫಾದರ್. ಆ ಮನುಷ್ಯ ಹೀಗೆ ಮಾಡಿದರೆ ಇನ್ನು ಯಾರನ್ನು ನಂಬುವುದು? ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಜನ ಮಾತ್ರ ತಕ್ಷಣ ನಂಬಿದರು. ಪತ್ರಿಕೆ ಬಿಡಿಸಿದರೆ ವಾರಕ್ಕೊಂದು ಚರ್ಚಿನ ಹಗರಣ; ಒಬ್ಬ ಗುರು ಮಕ್ಕಳ ಮೇಲೆ ಕೈ ಹಾಕಿದ, ಇನ್ನೊಬ್ಬ ಅದನ್ನು ಮುಚ್ಚಿಟ್ಟ. ನಮ್ಮವರೇನು ಮಹಾ ಎಂದು ಎಲ್ಲರೂ ಮೂಗು ಮುರಿದರು.

ಟೀಚರಿಗೆ ಉಳಿದವಳು ಅಕ್ಕ ಒಬ್ಬಳೇ. ಮದುವೆಯಾಗದ, ಕಿವಿ ಮಂದವಾದ ಅಕ್ಕ. ಶನಿವಾರ ಕೊನೆಯವರು ಗೂಡಿನಿಂದ ಎದ್ದು ಹೋಗುವ ತನಕ ಮುಂದಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂರುವವಳು. ಪೂಜೆ ಕೇಳಿಸುವುದಿಲ್ಲವೆಂದು ಅವಳು ಅಳುವುದನ್ನು ನೋಡಲಾರದೆ, ಚರ್ಚಿನ ಸಮಿತಿಯನ್ನು ಕಾಡಿ ಬೇಡಿ, ನೆಲದಡಿ ತಂತಿ ಹಾಕಿಸಿ, ಫಾದರ್ ಮೈಕಿನ ಮಾತು ನೇರ ಅವಳ ಕಿವಿಯ ಮಷಿನ್ನಿಗೇ ಬರುವಂತೆ ಮಾಡಿಸಿದ್ದು ಟೀಚರೇ. ಮನೆಯಲ್ಲಿ ಅಕ್ಕ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ, ಕುಯ್ಯೆನ್ನುತ್ತದಂತೆ. ಆದರೂ ಯಾರ ಮನೆಯಲ್ಲಿ ಏನು ಎತ್ತ ಎಂಬುದು ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ಇನ್ನು ಕಿವಿ ಸರಿಯಿದ್ದಿದ್ದರೆ ನಮ್ಮ ಗತಿ ಏನು ಎಂದು ನೆರೆಯವರು ನಗುತ್ತಿದ್ದರು.

ದೂರು ಕೊಡಲು ಟೀಚರ್ ಹಿಂದೆಮುಂದೆ ನೋಡಿದ್ದಳು. ಅಕ್ಕ ಬಿಡಲಿಲ್ಲ.

“ದೇವರ ವಿಷಯದಲ್ಲಿ ದಾಕ್ಷಿಣ್ಯ ನೋಡಬಾರದು ಕಣೇ. ನಮ್ಮವರೇ ಆದರೂ ಅಷ್ಟೇ,” ಎಂದು ತಾನೇ ಕೂತು ಟೈಪು ಮಾಡಿಕೊಟ್ಟಳು. ಮೂವತ್ತು ವರ್ಷ ಕಚೇರಿಯಲ್ಲಿ ಪಳಗಿದ ಕೈ.

ತೀರ್ಪಿನ ಕಾಗದ ಫಾದರ್ ಕೈಗೆ ಬಂದದ್ದು ಶನಿವಾರ, ಸಂಜೆಯ ಪೂಜೆ ಮುಗಿಯುತ್ತಿದ್ದಂತೆ. ಬೆಳಗಾಗುವುದರೊಳಗೆ ಊರು ಬಿಡಬೇಕು. ಇನ್ನೆಂದೂ, ಎಲ್ಲೂ ಪೂಜೆ ಮಾಡುವಂತಿಲ್ಲ.

ಗಂಟೆ ಹೊಡೆಯುವ ಮುದುಕ ಎಂದಿನಂತೆ ಸ್ಪೀಕರುಗಳನ್ನು ಆರಿಸಿದ. ಫಾದರಿಗೆ ಕಾಲರಿನ ಮೈಕು ಆರಿಸಲು ಮರೆಯುವ ಚಾಳಿ. ಒಮ್ಮೆ ಅವರು ಮುಖ ತೊಳೆಯುತ್ತಾ ಹಾಡಿಕೊಂಡದ್ದು ಇಡೀ ಬೀದಿಗೆ ಕೇಳಿಸಿ ನಗೆಪಾಟಲಾಗಿತ್ತು. ಅಂದಿನಿಂದ ಪೂಜೆ ಮುಗಿದ ಕೂಡಲೇ ಸ್ಪೀಕರ್ ಬಂದ್, ಎಲ್ಲರಿಗೂ ನಿಶ್ಚಿಂತೆ.

ಜನ ಚದುರಿದ ಮೇಲೆ ಟೀಚರ್ ಪೂಜಾವಸ್ತ್ರಗಳ ಕೋಣೆಗೆ ನುಗ್ಗಿ, ದಪ್ಪ ಬಾಗಿಲನ್ನು ಹಿಂದೆ ಎಳೆದುಕೊಂಡಳು. ಒಂದು ಸಲವಾದರೂ ಮುಖ ನೋಡಿ ಕೇಳಬೇಕಿತ್ತು. ಫಾದರ್ ಬಿಳಿ ನಿಲುವಂಗಿ ಮಡಚುತ್ತಿದ್ದರು. ಅವರ ಕಾಲರಿನಲ್ಲಿ ಹಸಿರು ಚುಕ್ಕಿಯೊಂದು ಮಿನುಗುತ್ತಿತ್ತು.

“ಯಾಕೆ ಫಾದರ್? ನಿಮ್ಮನ್ನು ನಂಬಿದ್ದೆ.”

ಅವರು ಮಡಚಿದ ನಿಲುವಂಗಿಯನ್ನು ಕಪಾಟಿನಲ್ಲಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ನನ್ನ ಮೇಲೆ ಸಿಟ್ಟಿರಲಿ ಟೀಚರ್. ಒಂದೇ ಒಂದು ಬೇಡಿಕೊಳ್ತೀನಿ. ಸುದ್ದಿ ನಮ್ಮಮ್ಮನ ತನಕ ಹೋಗದ ಹಾಗೆ ನೋಡಿಕೊಳ್ಳಿ. ಎದೆ ಆಪರೇಷನ್ ಆಗಿ ಇನ್ನೂ ವಾರ. ಇಲ್ಲಿ ಯಾರಿಗೂ ನಾನು ಹೇಳಿಲ್ಲ.”

“ಗುಟ್ಟು ಉಳಿಸೋದನ್ನ ನಿಮ್ಮಿಂದ ಕಲೀಬೇಕಾ?” ಎಂದಳು ಟೀಚರ್. ಅವರ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವಳಂತೆ ಹೊರಗೆ ಬಂದು ಬಾಗಿಲು ಹಾಕಿದಳು.

ಚರ್ಚು ಖಾಲಿಯಾಗಿತ್ತು. ಮುಂದಿನ ಬೆಂಚಿನಲ್ಲಿ ಅಕ್ಕ ಒಬ್ಬಳೇ ತಂಗಿಗಾಗಿ ಕಾದಿದ್ದಳು. ಅವಳು ಕಿವಿಯ ಮಷಿನ್ ತೆಗೆದು, ಒರೆಸಿ, ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ತಂಗಿಯ ಕೈ ಹಿಡಿದು ಎದ್ದು ನಿಂತಳು.

“ಪಾಪ ಕಣೇ,” ಎಂದಳು, “ಅವರಮ್ಮನಿಗೆ ಆಪರೇಷನ್ ಆಗಿ ಇನ್ನೂ ವಾರವಂತಲ್ಲ.”