ನಾಲ್ಕು ವರ್ಷ ಆರಿಸದ ಕಂಪ್ಯೂಟರು

ಕಪಾಟಿನಲ್ಲಿ ಸಾಲಾಗಿಟ್ಟ ಬೂಟಿನ ಅಚ್ಚಿನ ಮರದ ಪಾದಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದ ಅಕ್ಕ, ಹಿಂದಿನ ಕೋಣೆಯಿಂದ ಕಂಪ್ಯೂಟರು ರಿಪೇರಿಯವನ ನಿಟ್ಟುಸಿರು ಕೇಳಿಯೇ ತಿಳಿದುಕೊಂಡಳು: ಈ ಸಲವೂ ಕೈಕೊಟ್ಟಿತು. ಒಂದು ಕಾಲು ಗಿಡ್ಡವಿದ್ದವರಿಗೆ, ಬೆರಳು ಮಡಚಿಕೊಂಡವರಿಗೆ ಅಳತೆ ತೆಗೆದು ಬೂಟು ಹೊಲಿದುಕೊಡುವ ಅಂಗಡಿ ಅವಳದು. ಮೂರು ದಿನದಿಂದ ಅಲ್ಲಿ ಬೂಟಿಗಿಂತ ಹೆಚ್ಚಾಗಿ ನಿಟ್ಟುಸಿರೇ ತಯಾರಾಗುತ್ತಿತ್ತು.

ಸಂಗತಿ ಇಷ್ಟು. ಗಿರಾಕಿಗಳ ಕಾಲಿನ ಅಳತೆಗಳೆಲ್ಲ ಇರುವುದು ಒಂದು ಓಬೀರಾಯನ ಕಾಲದ ಸಾಫ್ಟ್‌ವೇರಿನಲ್ಲಿ. ಅದು ಈಗಿನ ಕಂಪ್ಯೂಟರಿನಲ್ಲಿ ಏಳುವುದಿಲ್ಲವೆಂದು, ಮೇಜಿನ ಕೆಳಗಿನ ಕಂಪ್ಯೂಟರಿನ ಹೊಟ್ಟೆಯೊಳಗೇ ಇನ್ನೊಂದು ಸುಳ್ಳು ಕಂಪ್ಯೂಟರು ಮಾಡಿ ಅದರಲ್ಲಿ ಕೂರಿಸಿದ್ದರು. ವರ್ಚುಯಲ್ ಮಷೀನು ಎಂದು ಅದರ ಹೆಸರು. ಅಕ್ಕ ಕರೆಯುವುದು ‘ಒಳಗಿನದು’ ಎಂದು. ಈಗ ಹೊರಗಿನದು ಜಲ್ಲಿ ಅರೆದಂತೆ ಗರಗರ ಎನ್ನುತ್ತಿತ್ತು. ತಾಯಿ ಇವತ್ತೋ ನಾಳೆಯೋ ಅಂತಿದ್ದಾಳೆ, ಮಗುವನ್ನಾದರೂ ಉಳಿಸಿಕೊಳ್ಳೋಣ ಎಂದು ರಿಪೇರಿಯಣ್ಣ ಒಳಗಿನದನ್ನು ಇಡಿಯಾಗಿ ಎತ್ತಿ ಕ್ಲೌಡಿಗೆ, ಅಂದರೆ ಯಾವುದೋ ದೂರದ ಕಂಪನಿಯ ದೊಡ್ಡ ಕಂಪ್ಯೂಟರಿಗೆ, ಇಂಟರ್ನೆಟ್ಟಿನಲ್ಲಿ ಸಾಗಿಸಲು ಕೂತಿದ್ದ. ಒಂದೊಂದು ಸಲ ಸಾಗಿಸುವುದಕ್ಕೂ ಅರ್ಧ ದಿನ. ಪ್ರತಿ ಸಲವೂ ಪೂರ್ತಿ ಹೋಗಿ, ಬಾಗಿಲಲ್ಲಿ ಬೈಸಿಕೊಂಡು ವಾಪಸು ಬರುತ್ತಿತ್ತು. ಕೆಂಪು ಅಕ್ಷರದಲ್ಲಿ ಒಂದೇ ಮಾತು: ಯಂತ್ರವನ್ನು ಸರಿಯಾಗಿ ಆರಿಸಿಲ್ಲ, ಅಂದರೆ ಆಫ್ ಮಾಡಿಲ್ಲ.

“ಅಮ್ಮಾ, ಸ್ವಲ್ಪ ಬನ್ನಿ ಇಲ್ಲಿ. ಸಂಜೆ ಅಂಗಡಿ ಮುಚ್ಚುವಾಗ ಇದನ್ನ ಹೇಗೆ ಆರಿಸ್ತೀರಿ?”

“ಆರಿಸೋದಿಲ್ಲಪ್ಪ. ‘ಇದ್ದ ಹಾಗೇ ನಿಲ್ಲಿಸು’ ಅಂತ ಒಂದಿದೆಯಲ್ಲ, ಅದನ್ನ ಒತ್ತಿ ಹೋಗ್ತೀನಿ. ಬೆಳಿಗ್ಗೆ ಎಲ್ಲಿ ಬಿಟ್ಟಿದ್ನೋ ಅಲ್ಲಿಂದಾನೇ ಏಳುತ್ತೆ.”

“ಎಷ್ಟು ದಿನದಿಂದ?”

“ನಾಲ್ಕು ವರ್ಷ ಆಯ್ತು.”

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಒಳಗಿನದರ ಪರದೆ ಕಪ್ಪಾಗಿದ್ದದ್ದು ನೋಡಿ ಆರಿದೆ ಎಂದುಕೊಂಡಿದ್ದನಂತೆ. “ಹಾಗಾದ್ರೆ ಮೂರು ದಿನದಿಂದ ನಾನು ಮಲಗಿರೋರನ್ನ ಹಾಸಿಗೆ ಸಮೇತ ಹೊತ್ಕೊಂಡು ಹೋಗಿ ಅವರ ಮನೆ ಬಾಗಿಲು ತಟ್ತಾ ಇದೀನಿ” ಎಂದು, ಯಾರನ್ನು ಬೈಯಬೇಕೋ ತಿಳಿಯದೆ ಒಳಗಿನದನ್ನು ಎಬ್ಬಿಸಿ, ಆರಿಸುವ ಗುಂಡಿ ಒತ್ತಿದ. ಅದು ಆರಲಿಲ್ಲ. ನಡುವೆ ಒಂದು ಚೌಕ ಎದ್ದು ನಿಂತಿತು: ‘ಈ ಕಾಗದವನ್ನು ಉಳಿಸಿಲ್ಲ. ಉಳಿಸಲೇ, ಬಿಡಲೇ?’

ಬಿಡು ಎಂಬುದರ ಮೇಲೆ ಅವನ ಬೆರಳು ಹೋಗುವಷ್ಟರಲ್ಲಿ ಅಕ್ಕ ಎಣ್ಣೆಬಟ್ಟೆ ಸಮೇತ ಅವನ ಮಣಿಕಟ್ಟು ಹಿಡಿದುಕೊಂಡಿದ್ದಳು.

ಅಳತೆಯ ಪುಟದ ಹಿಂದೆ ಅಡಗಿದ್ದ ಆ ಕಾಗದ ತಂಗಿಗೆ ಬರೆದದ್ದು. ಮೊದಲು ಇಬ್ಬರೂ ಸೇರಿ ನಡೆಸುತ್ತಿದ್ದ ಅಂಗಡಿ. ತಂಗಿ ಅಳತೆ ತೆಗೆದು ಚೀಟಿ ಬರೆದರೆ, ಅಕ್ಕ ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಸಂಗೀತದ ಮೇಷ್ಟರೊಬ್ಬರಿಗೆ ಎಡಗಾಲು ಅರ್ಧ ಇಂಚು ಗಿಡ್ಡ. ಎಡಕ್ಕೆ ಬೀಳಬೇಕಾದ ದಪ್ಪ ಅಟ್ಟೆ ಬಲಗಾಲಿನ ಬೂಟಿಗೆ ಬಿತ್ತು. ಅವರು ಹಾಕಿಕೊಂಡು ಎದ್ದು ನಿಂತರೆ ದಡಕ್ಕೆ ಎಳೆದ ದೋಣಿಯ ಹಾಗೆ ವಾಲಿದರು. ಎಡಬಲ ತಿಳಿಯದವಳನ್ನು ಕಟ್ಟಿಕೊಂಡು ಏಗುತ್ತಿದ್ದೇನೆ ಎಂದು ಗಿರಾಕಿಗಳ ಎದುರಿಗೇ ಅಕ್ಕ ತಂಗಿಯ ಮಾನ ತೆಗೆದಳು. ತಂಗಿ ಅಳತೆ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಫೋನು ಎತ್ತಲಿಲ್ಲ. ಎರಡು ತಿಂಗಳಾದ ಮೇಲೆ ಆ ಹಳೇ ಚೀಟಿ ಸಿಕ್ಕಿತು. ತಂಗಿ ಸರಿಯಾಗಿಯೇ ಬರೆದಿದ್ದಳು. ಕಂಪ್ಯೂಟರಿನಲ್ಲಿ ಅದಲುಬದಲು ಮಾಡಿ ಟೈಪು ಹೊಡೆದವಳು ಅಕ್ಕ.

ಅವತ್ತೇ ಕಾಗದ ಶುರುವಾಯಿತು. ‘ತಂಗೀ, ಹೇಗಿದ್ದೀಯ. ಇಲ್ಲಿ ಎಲ್ಲ ಕ್ಷೇಮ. ಅಂಗಡಿ ನಡೆಯುತ್ತಿದೆ. ನಿನಗೆ ಒಂದು ವಿಷಯ ಹೇಳಬೇಕಿತ್ತು.’ ಅಲ್ಲಿಗೆ ನಿಂತ ಕರ್ಸರಿನ ಗೆರೆ ನಾಲ್ಕು ವರ್ಷದಿಂದ ಮಿಣುಕುತ್ತಲೇ ಇತ್ತು.

“ಉಳಿಸಿಬಿಡ್ಲಾ ಅಮ್ಮಾ? ಅದೂ ಜೊತೆಗೇ ಮೇಲಕ್ಕೆ, ಕ್ಲೌಡಿಗೆ ಹೋಗುತ್ತೆ.”

“ಉಳಿಸೋಕೆ ಹೋದ್ರೆ ಹೆಸರು ಕೇಳುತ್ತೆ. ಏನಂತ ಇಡ್ಲಿ?”

“ಏನಾದ್ರೂ ಇಡಿ. ಕಾಗದ ಅಂತಾನೇ ಇಡಿ. ನನಗೆ ಇನ್ನೊಂದು ಅರ್ಧ ದಿನ ದಂಡ ಆಗ್ಬಾರ್ದು, ಅಷ್ಟೇ.”

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. “ಇಲ್ಲಿ ಗರಗರ ಅನ್ನೋದ್ರೊಳಗೇ ನಾಲ್ಕು ವರ್ಷ ಕೂತಿತ್ತು. ಅಲ್ಲಿ ಹೋದ್ರೆ ಇನ್ನೂ ಆರಾಮಾಗಿ ಕೂತ್ಕೊಳ್ಳುತ್ತೆ. ಬೇಡ. ಪ್ರಿಂಟ್ ಹಾಕು.”

ಹಾಳೆ ಹಾಕಿದರೆ ಪ್ರಿಂಟರು ಉಗುಳಿತು. ಮಗುಚಿ ಹಾಕಿದರೂ ಉಗುಳಿತು. ರಿಪೇರಿಯಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. “ಇದಕ್ಕೆ ಗೊತ್ತಿರೋದು ನಿಮ್ಮ ಅಳತೆ ಕಾರ್ಡು ಒಂದೇ” ಎಂದ.

“ಅದೇ ಹಾಕು. ಅವಳಿಗೂ ಅದು ಚೆನ್ನಾಗಿ ಗೊತ್ತು.”

ಎರಡು ಪಾದಗಳ ಗೆರೆಚಿತ್ರವಿದ್ದ ದಪ್ಪ ಕಾರ್ಡಿನ ತಲೆಯ ಮೇಲೆ ನಾಲ್ಕು ಸಾಲು ಮೂಡಿಕೊಂಡು ಬಂತು. ಅಕ್ಕ ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಎಡಪಾದದೊಳಗೆ ‘ಅರ್ಧ ಇಂಚು’ ಎಂದು ಬರೆದಳು. ಬಲಪಾದವನ್ನು ಖಾಲಿ ಬಿಟ್ಟಳು. ಕೆಳಗೆ, ‘ನೀನು ಸರಿಯಾಗಿ ಬರೆದಿದ್ದೆ. ತಪ್ಪು ಹೊಡೆದವಳು ನಾನು’ ಎಂದು ಬರೆದು ಲಕೋಟೆಗೆ ಹಾಕಿದಳು. ವಿಳಾಸವನ್ನು ಎಲ್ಲೂ ನೋಡಿಕೊಳ್ಳದೆಯೇ ಬರೆದು ಸ್ಟಾಂಪು ಹಚ್ಚಿದಳು.

ನಾನು ಹೇಳುವ ತನಕ ಮುಟ್ಟಬೇಡ ಎಂದು ಅವನಿಗೆ ತಾಕೀತು ಮಾಡಿ, ಎಣ್ಣೆಗೈಯಲ್ಲೇ ರಸ್ತೆ ದಾಟಿದಳು. ಎದುರಿನ ಅಂಚೆಪೆಟ್ಟಿಗೆಯ ಬಾಯಲ್ಲಿ ಲಕೋಟೆ ಅರ್ಧ ಒಳಗೆ, ಅರ್ಧ ಅವಳ ಕೈಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಳಕ್ಕೆ ಬಿದ್ದ ಸದ್ದು ಕೇಳಿಸಿತು. ಅಕ್ಕ ಅಲ್ಲಿಂದಲೇ ಅಂಗಡಿಯ ಕಡೆ ತಿರುಗಿ ಕೂಗಿದಳು:

“ಈಗ ಆರಿಸಪ್ಪ.”