ಎಡಗಡೆಯ ಗೋಪುರ

"ಮಾವ ಅವತ್ತು ಒಂದೇ ಒಂದು ಗುಂಡೂ ಹಾರಿಸಿಲ್ಲ" ಎಂದು ಓನೋ ಹೇಳಿದಾಗ ಅವನ ಹೆಂಡತಿ ತಾಲ್ಕೆ ಚಹಾ ಬಟ್ಟಲಿಗೆ ಕಲ್ಲುಸಕ್ಕರೆ ಹಾಕುತ್ತಿದ್ದಳು. ಇಕ್ಕಳದಿಂದ ಜಾರಿದ ಹರಳು ಉರುಳಿಹೋಗಿ, ಎರಡು ವರ್ಷದಿಂದ ಅರ್ಧ ಮೇಜನ್ನು ನುಂಗಿಕೊಂಡು ಕೂತಿದ್ದ ಯುದ್ಧನೌಕೆಯ ಮಾದರಿಗೆ ಬಡಿದು ನಿಂತಿತು.

"ಏನಂದೆ?"

"ಹಾರಿಸಿಲ್ಲ ಅಂದೆ. ಹಾರಿಸೋಕೆ ಆಗ್ತಾನೇ ಇರಲಿಲ್ಲ. ಬೆಳಗ್ಗೆಯಿಂದ ಲೆಕ್ಕ ಹಾಕಿ ಹಾಕಿ ನನ್ನ ತಲೆ ಕೆಟ್ಟು ಗೊಬ್ಬರ ಆಗಿದೆ."

ನಾಳೆಗೆ ತಾಲ್ಕೆಯ ತೀರಿಹೋದ ಅಪ್ಪ ಫೋಕೆ ಹಾರ್ಮ್ಸ್ ಹುಟ್ಟಿ ನೂರು ವರ್ಷ. ವಿಲ್ಹೆಲ್ಮ್ಸ್‌ಹಾಫನ್ನಿನ ನಾವಿಕರ ಸಂಘದಲ್ಲಿ ಈ ಮಾದರಿಯನ್ನಿಟ್ಟು ಕೆಳಗೊಂದು ಫಲಕ ಹಾಕುವುದೆಂದು ನಿಶ್ಚಯವಾಗಿತ್ತು: 'ಮೊದಲ ಮಹಾಯುದ್ಧದಲ್ಲಿ, ಕೈಸರನ ನೌಕಾಪಡೆಯ ದೊಡ್ಡ ಕಾಳಗದಲ್ಲಿ ಫೋಕೆ ಹಾರ್ಮ್ಸ್ ಈ ಫಿರಂಗಿ ಗೋಪುರದಿಂದ ದಿನವಿಡೀ ಗುಂಡು ಹಾರಿಸಿ ಎರಡೂ ಕಿವಿ ಕಳೆದುಕೊಂಡರು.' ಒಕ್ಕಣೆ ತಾಲ್ಕೆಯದು. ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ಲೇತ್ ತಿರುಗಿಸಿದ ಓನೋನ ಪಾಲಿಗೆ ಬಂದದ್ದು ಹಡಗು. ಅವನೋ, ಒಂದು ಮೊಳೆಯನ್ನೂ ಅಂದಾಜಿನ ಮೇಲೆ ಹೊಡೆಯುವ ಆಸಾಮಿಯಲ್ಲ.

"ಇಲ್ನೋಡು. ಆರು ಗೋಪುರ, ಒಂದೊಂದರಲ್ಲಿ ಎರಡು ಫಿರಂಗಿ. ಮುಂದೊಂದು, ಹಿಂದೊಂದು, ಎರಡೂ ಮಗ್ಗುಲಿಗೆ ಎರಡೆರಡು. ನಡುವಿನ ಜಾಗಾನೆಲ್ಲ ಉಗಿಯಂತ್ರಾನೇ ತಿಂದುಬಿಟ್ಟಿದೆ, ಅದಕ್ಕೇ ಪಕ್ಕಕ್ಕೆ ತಳ್ಳಿದಾರೆ. ಎಡಗಡೆ ಗೋಪುರ ಎಡಕ್ಕೆ ಮಾತ್ರ ಹೊಡೀಬೇಕು. ಬಲಕ್ಕೆ ತಿರುಗಿಸಿದ್ರೆ ಎದುರಿಗೆ ಹೊಗೆ ಕೊಳವೆ, ನಮ್ಮದೇ ಗೋಪುರ."

"ಸರಿ. ಅದಕ್ಕೇನೀಗ?"

"ಮಾವ ಎಡಗಡೆ ಹಿಂದಿನ ಗೋಪುರದಲ್ಲಿದ್ರು, ಅವರ ಸೇವಾಪುಸ್ತಕದಲ್ಲೇ ಇದೆ. ಸಂಘದಿಂದ ಆ ಹಡಗಿನ ದಿನಚರಿ ತರಿಸಿ ಓದಿದೆ. ಕಾಳಗ ಶುರುವಾದಾಗಿಂದ ಮುಗಿಯೋವರೆಗೂ ಶತ್ರು ಇದ್ದಿದ್ದು ಬಲಗಡೆ."

ತಾಲ್ಕೆಯದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಕೈ ಚಾಚಿ, ಉಗುರಿನಿಂದ ಆ ಪುಟ್ಟ ಗೋಪುರವನ್ನು ಬಲಕ್ಕೆ ತಿರುಗಿಸಿದಳು. ಹಿತ್ತಾಳೆಯ ಫಿರಂಗಿ ಹೊಗೆ ಕೊಳವೆಗೆ ತಾಗಿ ನಿಂತಿತು. ಇನ್ನೊಂದು ಸಲ ಒತ್ತಿದಳು. ಫಿರಂಗಿ ಬಾಗಿತು.

"ಅಯ್ಯೋ, ಮೂರು ದಿನದ ಕೆಲಸ ಕಣೇ ಅದು!"

"ಪಕ್ಕದ ಫಿರಂಗಿಗಳ ಸದ್ದಿಗೇ ಕಿವಿ ಹೋಗಿರಬಾರದಾ?" ಅವಳ ದನಿ ಏರಿತ್ತು. "ಎಂಟು ಫಿರಂಗಿ ಒಟ್ಟಿಗೆ ಹಾರಿದ್ರೆ ಯಾರ ಕಿವಿ ಉಳಿಯುತ್ತೆ?"

"ಹೋಗಿರಬಹುದು. ಆದ್ರೆ ದಿನವಿಡೀ ಹೊಡೆದೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ರಾ?"

ಹೇಳಿದ್ದರೇ? ಅದೇ ಈಗ ಅವಳಿಗೆ ನೆನಪಾಗಲೊಲ್ಲದು. ಎಷ್ಟು ಹೊಡೆದೆ, ಎಷ್ಟು ಮುಳುಗಿಸಿದೆ ಎಂದು ಜನ ಕೇಳುತ್ತಿದ್ದರು. ಅಪ್ಪ ಕಿವಿಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಿದ್ದರು. ಪಾಪ, ಅಷ್ಟು ಹೊಡೆದಿದ್ದಾನೆ, ಕಿವಿಯೇ ಹೋಗಿದೆ ಎಂದು ಉಳಿದದ್ದನ್ನು ಊರೇ ತುಂಬಿಕೊಂಡಿತು.

"ಕಿವಿ ಹೋಗಿತ್ತೋ, ಇಲ್ಲಾ ಮಾವ ಇಡೀ ಊರಿನ ಕಿವಿಗೇ ಹೂವಿಟ್ರೋ" ಎಂದು ಓನೋ ನಕ್ಕ.

"ಸುಮ್ನಿರು! ಅವರು ಕಿವುಡರೇ. ಏಳು ವರ್ಷ ಇದೇ ಮನೇಲಿ ನಾನು ಕಿರುಚಿ ಕಿರುಚಿ ಮಾತಾಡಿಲ್ವಾ? ಗಂಟಲು ಹರಿದಿದ್ದು ನಂದು, ನಿಂದಲ್ಲ. ಅವರಿಗೆ ಒಂದಕ್ಷರ ಕೇಳಿಸ್ತಿರಲಿಲ್ಲ. ಕೇಳಿಸಿರಬಾರದು."

ಆ ಕೊನೆಯ ಮಾತು ಓನೋನಿಗೆ ಅರ್ಥವಾಗಲಿಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ಸತ್ತ ಕಿವಿಗಾಗಿ ಹೀಗೆ ನಡುಗುವುದೇಕೆ? ಅವನು ಬಾಗಿದ ಫಿರಂಗಿಯನ್ನು ನೇರ ಮಾಡುತ್ತ ಕೂತ. ಜಗಳವಾದರೂ ಚಹಾ ನಿಲ್ಲುವ ಮನೆಯಲ್ಲ ಅದು. ಮೂರು ಬಟ್ಟಲು ಕುಡಿಯದೆ ಅಲ್ಲಿ ಯಾರೂ ಏಳುವುದಿಲ್ಲ. ಸಾಕೆನ್ನುವವರು ಬಾಯಲ್ಲಿ ಹೇಳದೆ ಚಮಚವನ್ನು ಬಟ್ಟಲೊಳಗೆ ಇಡುತ್ತಾರೆ.

ತಾಲ್ಕೆ ಚಹಾ ಸುರಿದಳು. ಬಿಸಿಗೆ ಕಲ್ಲುಸಕ್ಕರೆ ಚಟ್ ಚಟ್ ಎಂದು ಸಣ್ಣಗೆ ಸಿಡಿಯಿತು. ಅವಳು ಕೆನೆಯ ಚಮಚ ಹಿಡಿದವಳು ಹಾಗೆಯೇ ನಿಂತುಬಿಟ್ಟಳು.

"ಓನೋ... ಅಪ್ಪ ಕೆನೆ ಯಾವಾಗ ಹಾಕ್ಕೋತಿದ್ರು?"

"ಸಕ್ಕರೆ ಸಿಡಿಯೋದು ನಿಂತ ಮೇಲೆ. ಎಲ್ಲರ ಹಾಗೇನೇ. ಬಟ್ಟಲ ಮೇಲೆ ಬಗ್ಗಿ..." ಅವನೂ ಅಲ್ಲಿಗೇ ನಿಲ್ಲಿಸಿದ. ಬಟ್ಟಲ ಮೇಲೆ ಕಿವಿ ಬಗ್ಗಿಸಿ, ಆ ಸಣ್ಣ ಸದ್ದು ಮುಗಿಯುವವರೆಗೆ ಕಣ್ಣು ಮುಚ್ಚಿ ನಗುತ್ತಿದ್ದ ಮುದುಕ ಇಬ್ಬರ ಕಣ್ಣ ಮುಂದೆಯೂ ಬಂದಿದ್ದ.

ಓನೋ ಮೆಲ್ಲಗೆ ಕೇಳಿದ, "ಹೋಗ್ಲಿ ಬಿಡು. ಫಲಕದಲ್ಲಿ ಏನು ಬರೀಲಿ?"

ತಾಲ್ಕೆ ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡುತ್ತಿದ್ದಳು.

"ಒಂದಿನ ಪಕ್ಕದ್ಮನೆ ಗೆಸ್ಕೆ ಬಂದಿದ್ಲು. ಇದೇ ಮೇಜು. ಅಪ್ಪ ಅಲ್ಲಿ ಕೂತಿದ್ರು. ನಂಗೆ ಸಾಕಾಗಿ ಹೋಗಿತ್ತು. ಈ ಮನುಷ್ಯ ಅವತ್ತೇ ಸಮುದ್ರದಲ್ಲಿ ಮುಳುಗಿ ಹೋಗಿದ್ರೆ ಎಲ್ಲರಿಗೂ ಚೆನ್ನಾಗಿತ್ತು ಅಂದುಬಿಟ್ಟೆ. ಮೆಲ್ಲಗೂ ಅಲ್ಲ, ಜೋರಾಗೇ ಅಂದೆ."

"ತಾಲ್ಕೆ..."

"ಅವತ್ತು ಅಪ್ಪ ಮೊದಲನೇ ಬಟ್ಟಲಿಗೇ ಚಮಚ ಒಳಗಿಟ್ಟುಬಿಟ್ರು. ನಾನು, ಹೊಟ್ಟೆ ಸರಿ ಇಲ್ವೇನೋ ಅಂದ್ಕೊಂಡೆ."